ಅಥಣಿಯಲ್ಲಿ ಒಂದು ಲೋಟ ತಣ್ಣನೆಯ ಕಾಫಿ

ಮೇ ತಿಂಗಳಿನಲ್ಲಿ ಅಥಣಿಗೆ ಹೋಗಿ ತಣ್ಣನೆಯ ಕಾಫಿ ಕುಡಿದು ಬಂದೆ ಎಂದು ಹೇಳಿದಾಗ ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಯಾರೂ ನಂಬಲಿಲ್ಲ. ಕನ್ನಡದ ಮೇಷ್ಟ್ರಂತೂ ‘ಅಥಣಿಗೆ ಹೋದವರು ಚಪ್ಪಲಿ ತರುತ್ತಾರೆ, ಇಲ್ಲವೇ ಗಚ್ಚಿನಮಠದ ದರ್ಶನ ಮಾಡಿ ಬರುತ್ತಾರೆ. ನೀವೇನು ಕಾಫಿ ಎನ್ನುತ್ತೀರಿ?’ ಎಂದು ನಕ್ಕರು. ಅವರು ಹೇಳಿದ್ದು ಸುಳ್ಳಲ್ಲ. ಕೃಷ್ಣೆಯ ಆಚೆ ದಡದ ಆ ಸೀಮೆ ಚಹಾದ ಸೀಮೆ. ಕಾಫಿ ಎಂಬುದು ಅಲ್ಲಿ ದಕ್ಷಿಣದಿಂದ ವರ್ಗವಾಗಿ ಬಂದ ಅಧಿಕಾರಿಗಳ ಮನೆಯ ಪಾನೀಯ, ಅಥವಾ ಬೇಸಿಗೆಯಲ್ಲಿ ಐಸ್‌ಕ್ರೀಂ ಅಂಗಡಿಯಲ್ಲಿ ಎತ್ತರದ ಗ್ಲಾಸಿನಲ್ಲಿ ಬರುವ ‘ಕೋಲ್ಡ್ ಕಾಫಿ’. ಮೈಸೂರಿನಲ್ಲಿ ಬಿ.ಎಡ್. ಓದಿದ ಒಂದು ವರ್ಷದಲ್ಲಿ ನನಗೆ ಕಾಫಿಯ ಚಟ ಹತ್ತಿತು. ಅಥಣಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗಲೆಲ್ಲ ಆ ಚಟವನ್ನು ಉಗಾರದ ನಿಲ್ದಾಣದಲ್ಲೇ ಇಳಿಸಿ ಹೋಗುವುದು ನನಗೆ ರೂಢಿಯಾಗಿತ್ತು.

ಈ ಸಲ ಕರೆದದ್ದೇ ಕಾಫಿಯ ಸಲುವಾಗಿ. ಭಾವನವರು ಫೋನಿನಲ್ಲಿ ತಮ್ಮ ಎಂದಿನ ಧಾಟಿಯಲ್ಲಿ ಹೇಳಿದರು: “ಮಾಸ್ತರ, ನಿಮ್ಮ ಸೊಸಿ ಬೆಂಗಳೂರಿಂದ ಒಂದು ಮಷಿನ್ ತಂದು ಕುಂತಾಳ. ರಸ್ತೆ ಕಡೆ ಖೋಲಿ ಖಾಲಿ ಐತಲ್ಲ, ಅಲ್ಲಿ ತಂಪು ಕಾಪಿ ಅಂಗಡಿ ಹಾಕ್ತಾಳಂತ. ಸೋಮವಾರದ ಒಳಗ ಹೂಂ ಇಲ್ಲಾ ಉಹೂಂ ಹೇಳಬೇಕಂತ. ನೀವು ಸೈನ್ಸ್ ಕಲಿಸಾವ್ರು, ಬಂದು ನೋಡಿ ಹೇಳ್ರಿ.” ಹುಡುಗಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮಕ್ಕಳಿಗೆ ಪಾಠ ಹೇಳಿ ಒಂದಿಷ್ಟು ಹಣ ಕೂಡಿಟ್ಟಿದ್ದಾಳೆ. ಬೆಂಗಳೂರಿನ ಗೆಳತಿಯೊಬ್ಬಳು ಊರು ಬಿಡುವಾಗ ತನ್ನ ಕ್ಯಾಪ್ಸೂಲ್ ಕಾಫಿ ಯಂತ್ರವನ್ನು ಒಂಬತ್ತು ಸಾವಿರಕ್ಕೆ ಕೊಡಲು ಒಪ್ಪಿ, ಮೊದಲು ಮನೆಯಲ್ಲಿ ಮಾಡಿ ನೋಡು ಎಂದು ಕಳಿಸಿದ್ದಳು. ಒಂಬತ್ತು ಸಾವಿರ ಆ ಹುಡುಗಿಗೆ ಚಿಕ್ಕ ಮೊತ್ತವಲ್ಲ. ನಾನು ಹೇಳುವ ಮಾತಿನ ಮೇಲೆ ಅದು ನಿಂತಿದೆ ಎಂದಾಗ ಚೀಲದಲ್ಲಿ ಎರಡು ಅಂಗಿಗಳ ನಡುವೆ ಒಂದು ಥರ್ಮಾಮೀಟರನ್ನೂ ಸುತ್ತಿಕೊಂಡು ಹೊರಟೆ.

ಅಥಣಿಗೆ ರೈಲು ಇಲ್ಲ. ಬೆಳಗಾವಿಯಿಂದ ಮಿರಜ ಕಡೆಯ ಗಾಡಿ ಹತ್ತಿ ಉಗಾರ ಖುರ್ದದಲ್ಲಿ ಇಳಿದು ಬಸ್ ಹಿಡಿಯುವುದು ನನ್ನ ದಾರಿ. ಕುಡಚಿ ದಾಟಿದ ಮೇಲೆ ಗಾಡಿ ಕೃಷ್ಣೆಯ ಸೇತುವೆಯ ಮೇಲೆ ಹೋಗುತ್ತದೆ. ಆಗ ಓದುತ್ತಿದ್ದವರೂ ಪುಸ್ತಕ ಮಡಚಿ ಕಿಟಕಿಯ ಕಡೆ ತಿರುಗುತ್ತಾರೆ. 2019ರ ಆಗಸ್ಟ್‌ನಲ್ಲಿ ಇದೇ ನದಿ ದಂಡೆ ಮೀರಿ ಅಥಣಿ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ಹಳ್ಳಿಗಳನ್ನೂ ಕಬ್ಬಿನ ಗದ್ದೆಗಳನ್ನೂ ಮುಳುಗಿಸಿತ್ತು. ಅದೇ ವರ್ಷದ ಬೇಸಿಗೆಯಲ್ಲಿ ನದಿ ಬತ್ತಿ, ಕೊಯ್ನಾದಿಂದ ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಗಿ ಬಂದಿತ್ತು. ಮೂರು ತಿಂಗಳ ಅಂತರದಲ್ಲಿ ಒಂದೇ ನದಿಯ ಎರಡು ಮುಖ. ಈ ಸಲ ನಾನು ಕಂಡದ್ದು ಬೇಸಿಗೆಯ ಮುಖ: ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ಹಸಿರು ಮಡುಗಳು, ಒಂದು ಮಡುವಿನಲ್ಲಿ ಎಮ್ಮೆಗಳು, ದಂಡೆಗುಂಟ ಮಲಗಿದ್ದ ಪಂಪ್‌ಸೆಟ್ಟಿನ ಕೊಳವೆಗಳು. ಆ ಮಡುವನ್ನು ನೋಡುವಾಗ ಕಾಫಿಯ ನೆನಪೇ ಇರಲಿಲ್ಲ. ಆಮೇಲೆ ಅದಕ್ಕೂ ಕಾಫಿಗೂ ಸಂಬಂಧ ಇದೆ ಎಂದು ಗೊತ್ತಾಯಿತು.

ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆಯಿಲ್ಲದೆ ನಿಂತಿತ್ತು. ಕಬ್ಬು ನುರಿಸುವ ಹಂಗಾಮು ಮುಗಿದಿತ್ತು. ಬಸ್ಸಿನಲ್ಲಿ ಕಿಟಕಿ ತೆರೆದರೆ ಬಿಸಿಗಾಳಿ, ಮುಚ್ಚಿದರೆ ಒಲೆ. ಅಥಣಿಯ ನಿಲ್ದಾಣದಲ್ಲಿ ಇಳಿದಾಗ ಮಧ್ಯಾಹ್ನ ಒಂದೂವರೆ. ಅಂಥ ಬಿಸಿಲಿನಲ್ಲೂ ಚಾದಂಗಡಿಯ ಮುಂದೆ ಏಳೆಂಟು ಜನ ಕುದಿಯುವ ಚಹಾದ ಗ್ಲಾಸನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದರು. ‘ಬಿಸಿಲಿಗೆ ಬಿಸಿ ಚಹಾ ತಂಪು’ ಎಂಬುದು ಅಲ್ಲಿನ ನಂಬಿಕೆ. ಇದರಲ್ಲಿ ಅಲ್ಪಸ್ವಲ್ಪ ನಿಜವೂ ಇದೆ. ಬಿಸಿಯಾದದ್ದನ್ನು ಕುಡಿದರೆ ಬೆವರು ಹೆಚ್ಚುತ್ತದೆ, ಒಣಹವೆಯಲ್ಲಿ ಆ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಮಂಗಳೂರಿನ ಜಿಗುಟು ಹವೆಯಲ್ಲಿ ಈ ಉಪಾಯ ನಡೆಯದು. ಬೆವರು ಆರುವ ಈ ವಿಷಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅಕ್ಕನ ಅಡುಗೆಮನೆಯಲ್ಲಿ ಮಿಕ್ಸರಿನ ಪಕ್ಕದಲ್ಲಿ ಯಂತ್ರ ಕುಳಿತಿತ್ತು. ದಪ್ಪ ನಿಘಂಟೊಂದನ್ನು ನಿಲ್ಲಿಸಿಟ್ಟಷ್ಟು ಗಾತ್ರ. ಹಿಂದೆ ನೀರಿನ ತೊಟ್ಟಿ, ಮುಂದೆ ಕೊಕ್ಕು, ಮೇಲೆ ಒಂದು ಹಿಡಿಕೆ. ಕ್ಯಾಪ್ಸೂಲು ಎಂದರೆ ಹೆಬ್ಬೆರಳಿನಷ್ಟು ಎತ್ತರದ, ಬೋರಲು ಹಾಕಿದ ಪುಟ್ಟ ಲೋಟದಂಥ ಅಲ್ಯೂಮಿನಿಯಂ ಡಬ್ಬಿ. ಅದರಲ್ಲಿ ಐದಾರು ಗ್ರಾಂ ಕಾಫಿಪುಡಿ, ಬಾಯಿಗೆ ತೆಳು ಹಾಳೆ. ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದ ಭಾವನವರು “ಜರ್ಮನ್ ಡಬ್ಬಿ” ಎಂದರು. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗಳಿಗೆ ಹಳಬರು ಇಟ್ಟ ಹೆಸರು ಅದು.

ಯಂತ್ರದ ಕೆಲಸ ಸರಳ. ಹಿಡಿಕೆ ಒತ್ತಿದಾಗ ಮೂರು ಮೊನೆಗಳು ಡಬ್ಬಿಯ ಬೆನ್ನನ್ನು ಚುಚ್ಚುತ್ತವೆ. ಒಳಗಿನ ಪುಟ್ಟ ಪಂಪು ಕಾದ ನೀರನ್ನು ಆ ತೂತುಗಳಿಂದ ಒತ್ತಿ ತಳ್ಳುತ್ತದೆ. ಒತ್ತಡಕ್ಕೆ ಉಬ್ಬಿದ ಹಾಳೆ ಮುಂದಿನ ಜಾಲರಿಯ ಮುಳ್ಳುಗಳಿಗೆ ತಾಗಿ ಹರಿಯುತ್ತದೆ, ಕಾಫಿ ಹೊರಗೆ ಸುರಿಯುತ್ತದೆ. ಇಂಥ ಯಂತ್ರಗಳ ಪಂಪಿಗೆ 19 ಬಾರ್‌ವರೆಗಿನ ಶಕ್ತಿ ಇರುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ. ಹೋಲಿಕೆಗೆ ಹೇಳುವುದಾದರೆ, ಪ್ರೆಷರ್ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿರುವುದು ಹೊರಗಿನ ಹವೆಗಿಂತ ಸುಮಾರು ಒಂದು ಬಾರ್ ಹೆಚ್ಚಿನ ಒತ್ತಡ ಅಷ್ಟೇ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಎರಿಕ್ ಫಾವ್ರ್ ನೆಸ್ಲೆ ಕಂಪನಿಯಲ್ಲಿದ್ದಾಗ ಈ ಉಪಾಯ ಕಂಡುಹಿಡಿದರು. 1976ರಲ್ಲಿ ಪೇಟೆಂಟ್ ಆಯಿತು, 1986ರಲ್ಲಿ ನೆಸ್ಪ್ರೆಸೊ ಎಂಬ ಹೆಸರಿನಲ್ಲಿ ವ್ಯಾಪಾರ ಶುರುವಾಯಿತು. ಆ ಕಂಪನಿ ಭಾರತಕ್ಕೆ ಕಾಲಿಟ್ಟದ್ದು 2024ರ ಕೊನೆಯಲ್ಲಿ. ಈಗ ಬೇರೆ ಬೇರೆ ಕಂಪನಿಗಳೂ ಇಂಥ ಡಬ್ಬಿಗಳನ್ನು ಮಾಡುತ್ತವೆ.

ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಅದನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂಚೂಣಿಯಲ್ಲಿದೆ. ಬಾಬಾಬುಡನ್‌ಗಿರಿಯ ಕಡೆಯ ಬೀಜ ಹಡಗು ಹತ್ತಿ ಹೋಗಿ, ಹುರಿದು ಪುಡಿಯಾಗಿ, ಬೇರೆ ಹೆಸರಿನಲ್ಲಿ ಜಗತ್ತನ್ನೆಲ್ಲ ಸುತ್ತುತ್ತದೆ. ಇದನ್ನು ಹೇಳಿದಾಗ ಹುಡುಗಿ ಥಟ್ಟನೆ “ಮಾಮಾ, ನಮ್ಮ ಚಪ್ಪಲಿ ಕಥಿನೂ ಅದ ಅಲ್ಲೇನು?” ಎಂದಳು. ಒಪ್ಪಬೇಕಾದ ಮಾತು. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ಹೊಲಿದ ಚಪ್ಪಲಿಯನ್ನು ಲೋಕ ಕರೆಯುವುದು ‘ಕೊಲ್ಹಾಪುರಿ’ ಎಂದು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿಯನ್ನು ತೋರಿಸಿ, ಇಲ್ಲಿ ಗಲಾಟೆಯಾದ ಮೇಲೆ ಅದರ ಮೂಲ ಭಾರತ ಎಂದು ಒಪ್ಪಿಕೊಂಡಿತು.

ಮೊದಲ ಪ್ರಯೋಗ ಸುಮಾರು ಮೂರು ಗಂಟೆಗೆ ನಡೆಯಿತು. ದಪ್ಪ ಗಾಜಿನ ಗ್ಲಾಸಿಗೆ ಮೂರು ತುಂಡು ಬರ್ಫ, ಒಂದೂವರೆ ಚಮಚ ಸಕ್ಕರೆ, ಅದರ ಮೇಲೆ ಯಂತ್ರದ ಕೊಕ್ಕು. ಗುರ್ ಎಂದು ಸದ್ದು, ಅರ್ಧ ನಿಮಿಷಕ್ಕೂ ಕಡಿಮೆ ಸಮಯದಲ್ಲಿ ನಲವತ್ತು ಮಿಲಿಲೀಟರ್ ಕಪ್ಪು ಕಾಫಿ, ಮೇಲೆ ಕಂದು ನೊರೆ. ಅಡುಗೆಮನೆಯ ತುಂಬ ಪರಿಮಳ. ಹಾಲು ಹಾಕಿ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಒಂದು ಗುಟುಕು ಕುಡಿದು, ಬೈಯಲೂ ಆಗದೆ ಹೊಗಳಲೂ ಆಗದೆ “ಅತ್ಲಾಗ ತಂಪೂ ಇಲ್ಲ, ಇತ್ಲಾಗ ಬಿಸಿನೂ ಇಲ್ಲವಾ” ಎಂದಳು. ಬರ್ಫ ಪೂರ್ತಿ ಕರಗಿತ್ತು. ಕಾಫಿ ನೀರುನೀರಾಗಿತ್ತು. ಸಕ್ಕರೆ ತಳದಲ್ಲಿ ಮರಳಿನಂತೆ ಕೂತಿತ್ತು. ಫ್ರಿಜ್ಜಿನ ಎಮ್ಮೆಹಾಲಿನ ಕೆನೆ ಚೂರುಚೂರಾಗಿ ತೇಲುತ್ತಿತ್ತು. ಭಾವನವರು ಮಾತಾಡಲಿಲ್ಲ, ನನ್ನ ಮುಖ ನೋಡಿದರು ಅಷ್ಟೇ.

ಸಕ್ಕರೆಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ತಣ್ಣೀರಿನಲ್ಲಿ ಸಕ್ಕರೆ ಕರಗುವುದಿಲ್ಲ ಎಂದು ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಅದು ತಪ್ಪು. ಸೊನ್ನೆ ಡಿಗ್ರಿಯ ನೂರು ಗ್ರಾಂ ನೀರಿನಲ್ಲೂ ಸುಮಾರು 180 ಗ್ರಾಂ ಸಕ್ಕರೆ ಕರಗಬಲ್ಲದು. ಕರಗಲು ಹಿಡಿಯುವ ಹೊತ್ತು ಹೆಚ್ಚು ಅಷ್ಟೇ, ಅಷ್ಟು ಹೊತ್ತು ಕಾಯುವ ತಾಳ್ಮೆ ನಮಗಿಲ್ಲ. ಆದ್ದರಿಂದ ಬರ್ಫಕ್ಕಿಂತ ಮೊದಲು, ಖಾಲಿ ಲೋಟದ ತಳದಲ್ಲಿ ಸಕ್ಕರೆ ಇಟ್ಟು ಅದರ ಮೇಲೆ ಬಿಸಿ ಕಾಫಿ ಬೀಳುವಂತೆ ಮಾಡಿದರೆ ತಕರಾರು ಮುಗಿಯಿತು. ಬೆಲ್ಲವಾದರೆ ಒಂದಿಷ್ಟು ನೀರಿನಲ್ಲಿ ಕುದಿಸಿ, ಸೋಸಿ, ಆರಿಸಿ ಶೀಸೆಯಲ್ಲಿಡಬಹುದು. ಬಿಸಿಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಭಯ. ತಣ್ಣನೆಯ ಕಾಫಿಯಲ್ಲಿ ನಾವು ಹಾಕಿದಾಗ ಹಾಲು ಒಡೆಯಲಿಲ್ಲ, ರುಚಿಯೂ ಕಾಫಿಗೆ ಹೊಂದಿತು. ಹಾಲನ್ನು ಕಾಯಿಸಿ ಆರಿಸಿ, ಕೆನೆ ತೆಗೆದು, ಸೋಸಿ ಇಡಬೇಕು. ಇವು ಸಣ್ಣ ರಿಪೇರಿಗಳು.

ದೊಡ್ಡ ರಿಪೇರಿ ತಂಪಿನದು. ಅಡುಗೆಮನೆಯ ಹವೆ 39 ಡಿಗ್ರಿ ಎಂದು ಥರ್ಮಾಮೀಟರ್ ತೋರಿಸಿತು. ಹೊಸದಾಗಿ ಇಳಿಸಿದ ಕಾಫಿ ಹತ್ತಿರ ಹತ್ತಿರ 80. ಕ್ಯಾಲೆಂಡರಿನ ಹಿಂಬದಿಯಲ್ಲಿ ಹುಡುಗಿಯ ಕೈಯಲ್ಲೇ ಲೆಕ್ಕ ಬರೆಸಿದೆ. ಹತ್ತನೆಯ ತರಗತಿಯ ಮಕ್ಕಳು ಪೆನ್ಸಿಲ್ ತೆಗೆದುಕೊಂಡು ಕೂಡಬಹುದು. ಒಂದು ಗ್ರಾಂ ನೀರು ಒಂದು ಡಿಗ್ರಿ ಇಳಿಯಲು ಒಂದು ಕ್ಯಾಲೊರಿ ಶಾಖ ಬಿಟ್ಟುಕೊಡಬೇಕು. 40 ಗ್ರಾಂ ಕಾಫಿ 80ರಿಂದ 5 ಡಿಗ್ರಿಗೆ ಇಳಿಯಬೇಕಾದರೆ 40ನ್ನು 75ರಿಂದ ಗುಣಿಸಿ, 3,000 ಕ್ಯಾಲೊರಿ. ಈ ಶಾಖವನ್ನು ನುಂಗುವುದು ಬರ್ಫ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಬರ್ಫ ಕರಗಲು 80 ಕ್ಯಾಲೊರಿ, ಕರಗಿದ ನೀರು 5 ಡಿಗ್ರಿಗೆ ಏರಲು ಇನ್ನೂ 5, ಒಟ್ಟು 85. ಅಂದರೆ ಬರೀ ಕಾಫಿಯನ್ನು ತಣಿಸಲು 35 ಗ್ರಾಂ ಬರ್ಫ ಕರಗಿ ನೀರಾಗಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಇನ್ನೂರು ಗ್ರಾಂ ತೂಕದ ದಪ್ಪ ಗಾಜಿನ ಗ್ಲಾಸು ಕೂಡ 39 ಡಿಗ್ರಿಯಲ್ಲಿ ಕಾದು ಕುಳಿತಿದೆ. ಗಾಜಿನ ವಿಶಿಷ್ಟೋಷ್ಣ ನೀರಿನದಕ್ಕಿಂತ ಐದು ಪಟ್ಟು ಕಡಿಮೆ ಎಂದು ಹಿಡಿದರೂ ಅದು 5 ಡಿಗ್ರಿಗೆ ಬರಲು 1,360 ಕ್ಯಾಲೊರಿ ಬಿಡಬೇಕು. ಅದಕ್ಕೆ ಮತ್ತೆ 16 ಗ್ರಾಂ ಬರ್ಫ. ಒಟ್ಟು 51 ಗ್ರಾಂ. 40 ಗ್ರಾಂ ಕಾಫಿಗೆ 51 ಗ್ರಾಂ ನೀರು! ಹಾಲಿನ ಲೆಕ್ಕವನ್ನು ನಾನು ಹಿಡಿದೇ ಇಲ್ಲ. ನಮ್ಮ ಫ್ರಿಜ್ಜಿನ ಟ್ರೇಯ ಒಂದು ತುಂಡು ಸುಮಾರು 15 ಗ್ರಾಂ. ಮೂರು ತುಂಡು ಹಾಕಿದ ಹುಡುಗಿಯ ಗ್ಲಾಸು ತಂಪಾಗದೇ ಹೋದದ್ದು ಅವಳ ಕೈಯ ದೋಷವಲ್ಲ. ಬೆಂಗಳೂರಿನ ಗೆಳತಿಯ ಮನೆಯಲ್ಲಿ ಆ ಮೂರೇ ತುಂಡು ಹೆಚ್ಚುಕಡಿಮೆ ಸಾಕಾಗುತ್ತಿದ್ದಿರಬೇಕು. ಅಲ್ಲಿನ ಗ್ಲಾಸು ಇಷ್ಟು ಕಾದಿರುವುದಿಲ್ಲ.

ಲೆಕ್ಕ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಅಕ್ಕನ ಮನೆಯಲ್ಲಿ ಇನ್ವರ್ಟರ್ ಇದೆ. ದೀಪ, ಫ್ಯಾನು ಹೊರುತ್ತದೆ. ಕಾಫಿ ಯಂತ್ರದ ಕೆಳಗೆ ಅಂಟಿಸಿದ ಚೀಟಿ ಓದಿದರೆ 1,400 ವ್ಯಾಟ್. ಮನೆಯ ಇನ್ವರ್ಟರಿನ ತಾಕತ್ತು ಅದರ ಅರ್ಧದಷ್ಟು. ನೆನಪಿಡಬೇಕಾದದ್ದು ಏನೆಂದರೆ ಒಂದು ಕಪ್ಪಿಗೆ ಯಂತ್ರ ತಿನ್ನುವ ಕರೆಂಟು ತೀರಾ ಅಲ್ಪ. ಒಂದು ನಿಮಿಷ ಓಡಿದರೂ ಒಂದು ಯೂನಿಟ್ಟಿನ ನಲವತ್ತನೆಯ ಒಂದು ಭಾಗದಷ್ಟು. ಆದರೆ ಆ ಅಲ್ಪವನ್ನು ಒಂದೇ ಸಲಕ್ಕೆ, ಒಂದೇ ನಿಮಿಷದಲ್ಲಿ ಕೇಳುತ್ತದೆ. ಫ್ರಿಜ್ಜೂ ನಿಂತಿತು. ಟ್ರೇಯಲ್ಲಿ ಉಳಿದದ್ದು ನಾಲ್ಕು ತುಂಡು. “ಕರೆಂಟ್ ಯಾವಾಗ ಬರತೈತಿ?” ಎಂದು ಕೇಳಿದರೆ “ಬಂದಾಗ” ಎಂದರು ಭಾವನವರು, ಚಾಪೆಯ ಮೇಲೆ ಕಾಲು ಚಾಚುತ್ತ.

ಆಗ ನನ್ನ ಕಣ್ಣು ಅಡುಗೆಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂತಿದ್ದ ಮಣ್ಣಿನ ಹರವಿಯ ಮೇಲೆ ಬಿತ್ತು. ಮೈಯೆಲ್ಲ ಬೆವೆತಿತ್ತು. ಥರ್ಮಾಮೀಟರ್ ಇಳಿಸಿದೆ, 27 ಡಿಗ್ರಿ! ಸುತ್ತಲಿನ ಹವೆ 39 ಇರುವಾಗ, ತಂತಿಯಿಲ್ಲದೆ, ಬಿಲ್ಲಿಲ್ಲದೆ, 12 ಡಿಗ್ರಿ ಇಳಿಸಿದೆ ಆ ಹರವಿ. ಚಹಾ ಕುಡಿಯುವವರ ಬೆವರಿನ ಮಾತೇ ಇಲ್ಲಿಯೂ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಪ್ರತಿ ಗ್ರಾಮಿಗೆ 580 ಕ್ಯಾಲೊರಿಯಷ್ಟು ಶಾಖವನ್ನು ಒಯ್ಯುತ್ತದೆ. ಹವೆ ಒಣಗಿದ್ದಷ್ಟೂ ಹರವಿಯ ಕೆಲಸ ಚುರುಕು. ಕಾರವಾರದಲ್ಲೋ ಉಡುಪಿಯಲ್ಲೋ ಇದೇ ಹರವಿ ಇಷ್ಟು ತಂಪು ಕೊಡಲಾರದು. ಅಥಣಿಯ ಬೇಸಿಗೆಯನ್ನು ಬೈಯುವವರು ಅದು ಕೊಡುವ ಈ ಒಂದು ಸೌಲಭ್ಯವನ್ನು ಮರೆಯಬಾರದು.

ಕರೆಂಟು ಐದು ಗಂಟೆಗೆ ಬಂತು. ಎರಡನೆಯ ಸಲ ಕಾಫಿಯನ್ನು ಗಾಜಿನ ಬದಲು ತೆಳು ಸ್ಟೀಲ್ ಲೋಟಕ್ಕೆ, ಸಕ್ಕರೆಯ ಮೇಲೆ ಇಳಿಸಿದೆವು. ಪರಿಮಳ ಹಾರಿಹೋಗದಂತೆ ಮೇಲೊಂದು ತಟ್ಟೆ ಮುಚ್ಚಿ, ಹರವಿಯ ನೀರು ತುಂಬಿದ ಬೋಗುಣಿಯಲ್ಲಿ ಲೋಟ ಇಟ್ಟು ಮೆಲ್ಲಗೆ ತಿರುಗಿಸುತ್ತ ಹೋದಳು ಹುಡುಗಿ. ಒಮ್ಮೆ ನೀರು ಬದಲಿಸಿದಳು. ನಾಲ್ಕೈದು ನಿಮಿಷದಲ್ಲಿ ಕಾಫಿ 30 ಡಿಗ್ರಿಗೆ ಬಂತು. ಇಳಿಯಬೇಕಾದ 75 ಡಿಗ್ರಿಯಲ್ಲಿ 50 ಡಿಗ್ರಿಯನ್ನು ಹರವಿಯೇ ಇಳಿಸಿಕೊಟ್ಟಿತು. ಇನ್ನು ಉಳಿದ 25ಕ್ಕೆ ಬೇಕಾದದ್ದು ಬರೀ 12 ಗ್ರಾಂ ಬರ್ಫ, ಸ್ಟೀಲ್ ಲೋಟಕ್ಕೆ ಇನ್ನೊಂದು ನಾಲ್ಕು ಗ್ರಾಂ. 51ರ ಜಾಗದಲ್ಲಿ 16. ಒಂದೇ ಒಂದು ತುಂಡು ಕರಗಿತು, ಇನ್ನೊಂದು ತೇಲುತ್ತ ಉಳಿಯಿತು. ಬೋಗುಣಿಯ ಬೆಚ್ಚನೆಯ ನೀರನ್ನು ಅಕ್ಕ ತುಳಸಿಕಟ್ಟೆಗೆ ಹಾಕಿದಳು. ಅಲ್ಲಿ ನೀರು ಚೆಲ್ಲುವುದಿಲ್ಲ. ಆ ಓಣಿಗೆ ನಲ್ಲಿಯ ನೀರು ಬಂದು ಐದು ದಿನವಾಗಿತ್ತು, ಹಿಂದಿನ ದಿನ ಟ್ಯಾಂಕರ್ ತರಿಸಿದ್ದರು. ರೈಲಿನಿಂದ ಕಂಡ ಹಸಿರು ಮಡು ಆಗ ನೆನಪಾಯಿತು.

ಈ ಲೋಟವನ್ನು ಭಾವನವರು ಪೂರ್ತಿ ಕುಡಿದರು. ಆದರೆ ಮೆಚ್ಚಿಗೆಯ ಬದಲು ಬಂದದ್ದು ಪ್ರಶ್ನೆ: “ಮನಿಯಾಗ ಒಂದು ಲೋಟಕ್ಕ ಐದು ನಿಮಿಷ ಲೋಟ ತಿರುಗಿಸಿದ್ರಿ, ಆತು. ಕಾಲೇಜ್ ಬಿಟ್ಟಾಗ ಇಪ್ಪತ್ತು ಹುಡುಗರು ಒಮ್ಮೆಲೆ ಬಂದ್ರ?” ಹುಡುಗಿ ಸುಮ್ಮನಾದಳು. ವ್ಯಾಪಾರ ಮಾಡಿದವರ ಪ್ರಶ್ನೆಗೆ ವಿಜ್ಞಾನದ ಮಾಸ್ತರ ತಕ್ಷಣ ಉತ್ತರ ಕೊಡಲಾಗಲಿಲ್ಲ.

ಸಂಜೆ ನಾನೂ ಅವಳೂ ಬರ್ಫ ಹುಡುಕಲು ಹೊರಟೆವು. ಕಬ್ಬಿನ ಹಾಲಿನ ಗಾಣದವನ ಹತ್ತಿರ ಗೋಣಿಚೀಲದಲ್ಲಿ ಸುತ್ತಿದ ದೊಡ್ಡ ಗಡ್ಡೆ ಇತ್ತು. ಯಾವ ನೀರಿನದು ಎಂದು ಕೇಳಿದೆ. “ಬರ್ಫದ್ದು ರೀ” ಎಂದ. ನಗು ಬಂದರೂ ವಿಷಯ ನಗುವಂಥದ್ದಲ್ಲ. ಗಡ್ಡೆ ಬರ್ಫ ಮೀನು, ಹಾಲಿನ ಕ್ಯಾನು ತಂಪಾಗಿಡಲು ಆಗುತ್ತದೆ, ಅದನ್ನು ಕುಡಿಯುವ ನೀರಿನಿಂದಲೇ ಮಾಡಿರಬೇಕೆಂದೇನಿಲ್ಲ. ನೀರು ಗಡ್ಡೆ ಕಟ್ಟಿದರೆ ರೋಗಾಣು ಸಾಯುತ್ತದೆ ಎಂಬುದು ಪಾಲಕರಲ್ಲಿ ಬಹಳ ಜನರ ನಂಬಿಕೆ. ಹಾಗಿಲ್ಲ. ಎಷ್ಟೋ ರೋಗಾಣುಗಳು ಬರ್ಫದಲ್ಲಿ ಸುಮ್ಮನೆ ಮಲಗಿರುತ್ತವೆ, ಕರಗಿದಾಗ ಏಳುತ್ತವೆ. ನೆರೆಯ ಮಹಾರಾಷ್ಟ್ರದಲ್ಲಿ 2018ರಲ್ಲಿ, ತಿನ್ನಲು ಬಾರದ ಬರ್ಫಕ್ಕೆ ನೀಲಿ ಬಣ್ಣ ಹಾಕಬೇಕೆಂದು ಆಜ್ಞೆಯಾಗಿದ್ದು ಇದೇ ಕಾರಣಕ್ಕೆ. ನಮ್ಮ ಎದುರಿನ ಗಡ್ಡೆ ಬೆಳ್ಳಗಿತ್ತು. ಬಿಳಿ ಎಂದ ಮಾತ್ರಕ್ಕೆ ಶುದ್ಧ ಎನ್ನಲಾದೀತೇ?

“ಹಂಗಾರ ಬ್ಯಾಡ ನಡೀರಿ ಮಾಮಾ” ಎಂದು ಹುಡುಗಿ ತಿರುಗಿದಳು. ನಾನು ಇಪ್ಪತ್ತು ರೂಪಾಯಿ ಕೊಟ್ಟು ಒಂದು ತುಂಡು ಒಡೆಸಿಕೊಂಡೆ, ಕಿರಾಣಿ ಅಂಗಡಿಯಲ್ಲಿ ಒಂದು ಕಿಲೋ ಹರಳುಪ್ಪು ತೆಗೆದುಕೊಂಡೆ. ಜಾತ್ರೆಯಲ್ಲಿ ಕಟ್ಟಿಗೆಯ ಪೀಪಾಯಿಯಲ್ಲಿ ಡಬ್ಬಿ ತಿರುಗಿಸಿ ಪಾಟ್ ಐಸ್‌ಕ್ರೀಂ ಮಾಡುವುದನ್ನು ನೋಡಿದವರಿಗೆ ನನ್ನ ಆಲೋಚನೆ ಆಗಲೇ ಗೊತ್ತಾಗಿರಬೇಕು. ಬಜಾರದ ಬರ್ಫ ಕಾಫಿಯ ಒಳಗೆ ಹೋಗಬಾರದು, ಹೊರಗಿರಬಹುದಲ್ಲ!

ಮನೆಗೆ ಬಂದು ಬಕೆಟ್ಟಿನಲ್ಲಿ ಬರ್ಫ ಜಜ್ಜಿ ಹಾಕಿ, ಮೂರು ಪಾಲಿಗೆ ಒಂದು ಪಾಲಿನಂತೆ ಉಪ್ಪು ಬೆರೆಸಿದೆವು. ಉಪ್ಪು ಬಿದ್ದಾಗ ಬರ್ಫ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ಕರಗತೊಡಗುತ್ತದೆ. ಕರಗಲು ಬೇಕಾದ ಶಾಖವನ್ನು ತನ್ನಿಂದಲೂ ಪಕ್ಕದಲ್ಲಿದ್ದವರಿಂದಲೂ ಎಳೆದುಕೊಳ್ಳುತ್ತದೆ. ಪುಸ್ತಕದ ಪ್ರಕಾರ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಹೋಗಬಹುದು. ನನ್ನ ಥರ್ಮಾಮೀಟರ್ ಇಳಿಯುವುದೇ 10ರವರೆಗೆ, ಪಾದರಸ ಅಲ್ಲಿಯ ತನಕ ಇಳಿದು ಕೂತಿತು. ನಾಲ್ಕು ಕ್ಯಾಪ್ಸೂಲಿನ ಕಾಫಿ, ಬೆಲ್ಲದ ಪಾಕ, ಸೋಸಿದ ಹಾಲು, ಎಲ್ಲವನ್ನೂ ಮೊದಲು ಹರವಿಯ ನೀರಿನಲ್ಲಿ ಆರಿಸಿ, ತಿರುಪಿನ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಬಕೆಟ್ಟಿನಲ್ಲಿ ಹುಗಿದೆವು. ಭಾವನವರೇ ಬಂದು ಡಬ್ಬಿಯ ಕೊರಳು ಹಿಡಿದು ತಿರುಗಿಸತೊಡಗಿದರು. ಹತ್ತು ನಿಮಿಷ ಕಳೆದು ತೆಗೆದರೆ ಅಂಚಿನಲ್ಲಿ ತೆಳ್ಳಗೆ ಕಾಫಿಯ ಹರಳು ಕಟ್ಟಿತ್ತು. ಐದು ಲೋಟ. ಒಂದು ಹನಿ ನೀರು ಬೆರೆತಿರಲಿಲ್ಲ. ನಾಲ್ಕು ದಶಕದಿಂದ ಚಹಾ ಬಿಟ್ಟು ಬೇರೇನೂ ಮುಟ್ಟದ ಅಕ್ಕ “ಇದು ಖರೇ ಛಲೋ ಆಗೇತಿ” ಎಂದಳು. ಮನೆಯಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ: ಡಬ್ಬಿ ತೆರೆಯುವ ಮೊದಲು ಹೊರಮೈ ಒರೆಸಬೇಕು, ಇಲ್ಲವಾದರೆ ಉಪ್ಪುನೀರು ಒಳಗೆ ಜಾರುತ್ತದೆ. ನಮ್ಮ ಮೊದಲ ಲೋಟ ಸ್ವಲ್ಪ ಉಪ್ಪಾಗಿತ್ತು, ಅದನ್ನು ನಾನೇ ಕುಡಿದೆ.

ರಾತ್ರಿ ಊಟವಾದ ಮೇಲೆ ವಾದ ಶುರುವಾಯಿತು. ನನ್ನ ಪಕ್ಷ ಫಿಲ್ಟರಿನದು. ತಣ್ಣನೆಯ ಕಾಫಿಗೆ ಈ ಯಂತ್ರ ಏಕೆ? ಇದು 80 ಡಿಗ್ರಿಗೆ ಕಾಯಿಸಿ ಕೊಡುತ್ತದೆ, ಆಮೇಲೆ ನಾವು ಕೂತು ತಣಿಸಬೇಕು. ಫಿಲ್ಟರಿಗೆ ರಾತ್ರಿ ನೀರು ಹೊಯ್ದರೆ ಬೆಳಿಗ್ಗೆಗೆ ಡಿಕಾಕ್ಷನ್ ತಾನಾಗಿಯೇ ತಣಿದಿರುತ್ತದೆ. ಖರ್ಚೂ ಕಡಿಮೆ. ಅವಳು ತರಿಸಿದ ಕ್ಯಾಪ್ಸೂಲು ಒಂದಕ್ಕೆ ಅರವತ್ತು ರೂಪಾಯಿ ಬಿದ್ದಿತ್ತು. ಹಾಲು, ಬೆಲ್ಲ, ಬರ್ಫ ಸೇರಿದರೆ ಮಾರುವ ಬೆಲೆ ನೂರು ಮುಟ್ಟುತ್ತದೆ, ಹತ್ತು ರೂಪಾಯಿಯ ಚಹಾದ ಊರಿನಲ್ಲಿ. ಅವಳ ಉತ್ತರವೂ ಗಟ್ಟಿಯಾಗಿಯೇ ಇತ್ತು: “ರಾತ್ರಿದು ಡಿಕಾಕ್ಷನ್ ಮರುದಿನ ಮಧ್ಯಾಹ್ನಕ್ಕ ವಾಸನಿ ಹೋಗಿರತೈತಿ ಮಾಮಾ. ಇದರಾಗ ಎಲ್ಲಾ ಲೋಟಾನೂ ಒಂದ ರುಚಿ. ಯಾರು ಮಾಡಿದ್ರೂ ಒಂದ.” ಅದು ನಿಜ. ಯಂತ್ರಕ್ಕೆ ಬೇಸರವಿಲ್ಲ, ಕೈ ತಪ್ಪುವುದಿಲ್ಲ. ಒಬ್ಬರೋ ಇಬ್ಬರೋ ಇರುವ ಮನೆಯಲ್ಲಿ, ಬೆಳಗಿನ ಅವಸರದಲ್ಲಿ ಅದು ಉಪಕಾರಿ ಎಂದು ನಾನೂ ಒಪ್ಪಿದೆ. ಮತ್ತೆ ಮತ್ತೆ ಪುಡಿ ತುಂಬುವ ಸ್ಟೀಲ್ ಕ್ಯಾಪ್ಸೂಲೂ ಒಂದನ್ನು ಅವಳು ತರಿಸಿದ್ದಳು. ಚಿಕ್ಕಮಗಳೂರಿನ ಪುಡಿ ತುಂಬಿ ನೋಡಿದೆವು. ಪುಡಿ ದಪ್ಪವಾಗಿ ಬೀಸಿದ್ದರಿಂದ ನೀರು ಸರ್ರನೆ ಹರಿದು ಹೋಗಿ ಚಹಾದ ಬಣ್ಣದ ಏನೋ ಒಂದು ಬಂತು.

ಖಾಲಿ ಡಬ್ಬಿಗಳನ್ನು ಅವಳು ಒಂದು ಪಾತ್ರೆಯಲ್ಲಿ ಕೂಡಿಟ್ಟಿದ್ದಳು. ಒಳಗಿನ ಚರಟ ಕರಿಬೇವಿನ ಬುಡಕ್ಕೆ ಹೋಯಿತು. ತೊಳೆದ ಡಬ್ಬಿಗಳನ್ನು ಮರುದಿನ ಬೆಳಿಗ್ಗೆ ಭಂಗಾರದವನಿಗೆ ತೋರಿಸಿದೆವು. ಒಂದು ಡಬ್ಬಿಯ ಲೋಹ ಒಂದು ಗ್ರಾಮಿನ ಆಸುಪಾಸು, ಒಂದು ಕಿಲೋ ಆಗಲು ಸಾವಿರ ಕಾಫಿ ಕುಡಿಯಬೇಕು. ಆತ ಅಂಗೈ ಮೇಲೆ ಹಾಕಿ ತೂಗಿ “ಚೀಲ ತುಂಬಿದಾಗ ಕರೀರಿ ಅಕ್ಕಾರ” ಎಂದು ಹೊರಟುಹೋದ. ಬೆಳಗಾವಿಯಲ್ಲಿಯೇ ಹಿಂಡಾಲ್ಕೊ ಕಂಪನಿಯ ಅಲ್ಯೂಮಿನಾ ಕಾರ್ಖಾನೆ ಇದೆ. ಬಾಕ್ಸೈಟಿನ ಕೆಂಪು ಮಣ್ಣಿನಿಂದ ಬಿಳಿ ಅಲ್ಯೂಮಿನಾ ತೆಗೆದು, ಅದರಿಂದ ಲೋಹ ಮಾಡಲು ವಿಪರೀತ ವಿದ್ಯುತ್ತು ಬೇಕು ಎಂದು ಪ್ರತಿವರ್ಷ ಪಾಠ ಹೇಳುವವನು ನಾನು. ಹಳೆಯ ಅಲ್ಯೂಮಿನಿಯಂ ಕರಗಿಸಿ ಬಳಸಿದರೆ ಆ ಶಕ್ತಿಯಲ್ಲಿ ನೂರಕ್ಕೆ 95ರಷ್ಟು ಉಳಿಯುತ್ತದೆ ಎಂದೂ ಹೇಳುತ್ತೇನೆ. ಅಷ್ಟು ಬೆಲೆಯ ಲೋಹವನ್ನು ಇಪ್ಪತ್ತೈದು ಸೆಕೆಂಡಿನ ಕೆಲಸಕ್ಕೆ ಬಳಸಿ ಪಾತ್ರೆಯಲ್ಲಿ ಕೂಡಿಡುವಾಗ ಮಾಸ್ತರಿಕೆಯ ಗಂಟಲು ಸ್ವಲ್ಪ ಕಟ್ಟುತ್ತದೆ.

ಭಾನುವಾರ ನಾನು ಹೊರಡುವಾಗ ಹುಡುಗಿ ಕ್ಯಾಲೆಂಡರಿನ ಆ ಹಾಳೆಯನ್ನು ಗೋಡೆಗೆ ಅಂಟಿಸಿದ್ದಳು. 51 ಮತ್ತು 16ರ ಸುತ್ತ ಕೆಂಪು ಗೆರೆ. ಹೂಂ ಅಥವಾ ಉಹೂಂ ಎಂದು ನಾನು ಹೇಳಲಿಲ್ಲ. ಬಸ್ ನಿಲ್ದಾಣದವರೆಗೆ ಬಂದವಳು ತಾನೇ ಕೇಳಿದಳು: “ಮಾಮಾ, ಕಾಪಿ ಮಾಡೂದು ಸುಲಭ, ತಂಪು ಮಾಡೂದ ತ್ರಾಸು. ಹಂಗಾರ ನಾ ರೊಕ್ಕ ಹಾಕಬೇಕಾದ್ದು ಯಾವುದಕ್ಕ?” ಬಸ್ಸು ಬಂತು. ಯೋಚನೆ ಮಾಡು ಎಂದು ಹತ್ತಿದೆ.

ಸೋಮವಾರ ರಾತ್ರಿ ಭಾವನವರ ಫೋನು. “ಮಷಿನ್ ವಾಪಸ್ ಕಳಿಸಿದ್ವಿರಿ ಮಾಸ್ತರ. ಅದ ರೊಕ್ಕಕ್ಕ ಇನ್ನಷ್ಟು ಕೂಡಿಸಿ ಹಳೇದೊಂದು ಡೀಪ್ ಫ್ರೀಜರ್ ನೋಡ್ಯಾಳ, ಮಿರಜದಾಗ. ಕರೆಂಟ್ ಹ್ವಾದ್ರೂ ತಾಸ್ ತಾಸ್ ತಂಪು ಹಿಡಿತೈತಂತ. ದೊಡ್ಡದೊಂದು ಫಿಲ್ಟರ್ ನೀವ ಕೊಡಸಬೇಕಂತ ಹೇಳ್ಯಾಳ.” ಆಗಲಿ ಎಂದೆ. ಇಟ್ಟುಬಿಡುವರೇನೋ ಎಂದುಕೊಂಡಾಗ ಅವರು ಸ್ವಲ್ಪ ದನಿ ತಗ್ಗಿಸಿ ಕೇಳಿದರು: “ಅದಿರ್ಲಿ, ಬರ್ಫಕ್ಕ ಉಪ್ಪು ಎಷ್ಟಂದ್ರಿ? ಮೂರಕ್ಕ ಒಂದೋ, ನಾಕಕ್ಕ ಒಂದೋ? ಇಲ್ಲಿ ಬಕೆಟ್ ಮುಂದ ಕುಂತೇನಿ.”